ಚಕಮಕಿ ಕೋವಿಗೆ ಯಾವ ಗುಂಡು, ಎಷ್ಟು ಮದ್ದು? ಕೆಲವು ವರ್ಷಗಳ ಬಳಕೆಯ ನಂತರ

ಕೋವಿ: ಲೈಮನ್ ಡೀರ್‌ಸ್ಟಾಕರ್, 50 ಕ್ಯಾಲಿಬರ್ (ನಳಿಗೆಯ ಒಳವ್ಯಾಸ ಅರ್ಧ ಇಂಚು), ಚಕಮಕಿ ಕಲ್ಲಿನದು, ಅಂದರೆ ಬಾಯಿಯಿಂದ ಮದ್ದು, ಗುಂಡು ತುಂಬಿ ಕಲ್ಲಿನ ಕಿಡಿಯಿಂದ ಹೊತ್ತಿಸುವಂಥದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮರುದಿನ ಶುರುವಾಗುವ ಜಿಂಕೆ ಬೇಟೆಯ ಸೀಸನ್‌ಗೆಂದೇ ತಗೊಂಡದ್ದು. 1974ರಲ್ಲಿ ಶುರುವಾದ ಈ ಸೀಸನ್‌ನಲ್ಲಿ ಕೇಪು (ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ) ಹಾಕುವ ಕೋವಿಗೆ ಜಾಗವಿಲ್ಲ, ಚಕಮಕಿಯೇ ಆಗಬೇಕು. ನಳಿಗೆ 24 ಇಂಚು, ಪೊದೆಗಳ ನಡುವೆ ಸಲೀಸು. ಕೋವಿ ಬಗ್ಗೆ ಇಷ್ಟು ಸಾಕು. ಎಲ್ಲರೂ ಕೇಳುವುದು ಈಡಿನ, ಅಂದರೆ ತುಂಬುವ ಮದ್ದು-ಗುಂಡಿನ ಬಗ್ಗೆಯೇ ಅಲ್ವಾ?

ಮೊದಲು ನಳಿಗೆಯೊಳಗಿನ ಸುತ್ತು, ಅಂದರೆ ಗುಂಡನ್ನು ತಿರುಗಿಸುವ ಒಳಗೀರುಗಳ ತಿರುವು ನೋಡಿ. ಇದರಲ್ಲಿ 48 ಇಂಚಿಗೆ ಒಂದು ಸುತ್ತು. 60ರ ಆಸುಪಾಸಿನ ನಿಧಾನದ ಸುತ್ತು ದುಂಡು ಗುಂಡಿಗೆ, 28ರ ಬಿಗಿ ಸುತ್ತು ಉದ್ದನೆಯ ಗುಂಡಿಗೆ. 48 ಅಂದರೆ ಎರಡಕ್ಕೂ ನಡುವಿನ ರಾಜಿ. ನಾನು ಎರಡೂ ಹೊಡೆದು ನೋಡಿದೆ. 370 ಗ್ರೇನ್ (ಸುಮಾರು 24 ಗ್ರಾಂ) ತೂಕದ ಉದ್ದ ಗುಂಡು ಭುಜಕ್ಕೆ ಚೆನ್ನಾಗಿ ಒದೆಯುತ್ತದೆ. ಅದಕ್ಕಿಂತ ತಲೆನೋವು ಬೇರೆ. ಕೋವಿಯ ಬಾಯಿ ಕೆಳಗೆ ಮಾಡಿ ನಡೆದಾಗ ಅದು ಮದ್ದಿನಿಂದ ಮುಂದೆ ಜಾರಬಹುದು. ಹಾಗೆ ಜಾಗ ಬಿಟ್ಟು ಸುಟ್ಟರೆ ನಳಿಗೆ ಉಬ್ಬಿಹೋಗುತ್ತದೆ. ಬಟ್ಟೆ ಸುತ್ತಿದ ದುಂಡು ಗುಂಡು ಕೂತಲ್ಲೇ ಕೂರುತ್ತದೆ. ಆದರೂ ಗುಂಡು ಪೂರ್ತಿ ಕೂತಿದೆಯೇ ಎಂದು ತಿಳಿಯಲು ಗಜದ (ಗುಂಡು ಒಳಗೆ ತಳ್ಳುವ ಕೋಲಿನ) ಮೇಲೆ ಗುರುತು ಹಾಕಿಕೊಳ್ಳಿ.

ಈಗ ನಾನು ಹಾಕುವುದು .490 ಇಂಚಿನ ಶುದ್ಧ ಸೀಸದ ಗುಂಡು. ತೂಕ ಸುಮಾರು 177 ಗ್ರೇನ್. ಜೊತೆಗೆ .015 ಇಂಚು ದಪ್ಪದ ಹತ್ತಿ ಬಟ್ಟೆ, ಎಣ್ಣೆ ಸವರಿದ್ದು.

ಜನ ಮದ್ದಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಬಟ್ಟೆ ಬಗ್ಗೆ ಯಾರೂ ಮಾತಾಡಲ್ಲ. ನನ್ನ ಮಟ್ಟಿಗೆ ಗುರಿ ನಿಲ್ಲುವುದು ಬಟ್ಟೆಯಲ್ಲೇ. ಹೊಡೆದ ಮೇಲೆ ಹತ್ತಿಪ್ಪತ್ತು ಹೆಜ್ಜೆ ಮುಂದೆ ಹೋಗಿ ಹುಲ್ಲಲ್ಲಿ ಬಿದ್ದ ಬಟ್ಟೆಯನ್ನು ಎತ್ತಿ ನೋಡಿ. ನಡುವೆ ಕಪ್ಪು ಉಂಗುರ, ಅಂಚಲ್ಲಿ ಸ್ವಲ್ಪ ಎಳೆ ಬಿಟ್ಟಿದ್ದರೆ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಎಣ್ಣೆ ಕಡಿಮೆಯಾಯಿತು. ಗೀರುಗೀರಾಗಿ ಹರಿದಿದ್ದರೆ ನಳಿಗೆಯ ಬಾಯಿ ಅಥವಾ ಒಳಗೀರುಗಳ ಅಂಚು ಚೂಪಾಗಿದೆ. ಹೊಸ ನಳಿಗೆಯಲ್ಲಿ ಇದು ಮಾಮೂಲು, ಬಳಸುತ್ತಾ ಹೋದರೆ ನಯವಾಗುತ್ತದೆ. ಚೂರುಚೂರಾದ ಬಟ್ಟೆ ಸಿಗುತ್ತಿರುವಾಗ ಮದ್ದು ಹೆಚ್ಚು ಕಡಿಮೆ ಮಾಡಿ ಏನೂ ಪ್ರಯೋಜನವಿಲ್ಲ.

ಮದ್ದು 3ಎಫ್ (ಸಣ್ಣ ಕಾಳಿನದು), 70 ಗ್ರೇನ್. 50ರಿಂದ ಶುರು ಮಾಡಿ, ಐದೈದೇ ಏರಿಸುತ್ತಾ, ಕೈಪಿಡಿಯ ಮಿತಿಯೊಳಗೇ ಹೋಗಿ ಸಿಕ್ಕಿದ ಲೆಕ್ಕ ಇದು. ಅದರ ಮೇಲೆ ಹೊಗೆ, ಒದೆತ ಜಾಸ್ತಿಯಾಯಿತೇ ಹೊರತು ಗುರಿ ಸುಧಾರಿಸಲಿಲ್ಲ, ಕೆಟ್ಟಿತು. ದುಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಎಷ್ಟು ಮದ್ದು ಸುರಿದರೂ ಅದು 150 ಗಜದ ಗುಂಡಾಗಲ್ಲ. 75 ಗಜದೊಳಗೆ ಮಾತ್ರ ನಾನು ಕುದುರೆ ಎಳೆಯುತ್ತೇನೆ. 2ಎಫ್ ಹಾಕುವವರು ಸ್ವಲ್ಪ ಹೆಚ್ಚು ಹಾಕಬಹುದು. ಕಾಳು ದಪ್ಪ, ನಿಧಾನ ಉರಿಯುತ್ತದೆ, ಮಸಿಯೂ ಹೆಚ್ಚು. ನಮ್ಮ ಮಲೆನಾಡಿನ ಹಳಬರು ಗಜ ಎಷ್ಟು ಬೆರಳು ಹೊರಗೆ ನಿಂತಿತು ಎಂದು ನೋಡಿ ಮದ್ದು ಅಳೆಯುತ್ತಿದ್ದರು. ನನಗೆ ಅಷ್ಟು ಧೈರ್ಯವಿಲ್ಲ, ಹಿತ್ತಾಳೆ ಅಳತೆಯೇ ಸರಿ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಲೇಬೇಡಿ. ಒಳಗೆ ಒಂದು ಕಿಡಿ ಉಳಿದಿದ್ದರೂ ಡಬ್ಬಿಯೇ ಸಿಡಿಯುತ್ತದೆ. ತೋಟಾ ಕೋವಿಯ ಹೊಗೆರಹಿತ ಮದ್ದಂತೂ ಒಂದು ಚಿಟಿಕೆಯೂ ಬೇಡ.

ಪೈರೋಡೆಕ್ಸ್‌ನಂಥ ಬದಲಿ ಮದ್ದು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದು ಹೊತ್ತಿಕೊಳ್ಳಲು ಹೆಚ್ಚು ಬಿಸಿ ಬೇಕು. ಚಕಮಕಿಯ ಕಿಡಿಗೆ ನಳಿಗೆಯ ಪಕ್ಕದ ಬಟ್ಟಲಿನ ಮದ್ದು ಭುಸ್ ಅನ್ನುತ್ತದೆ, ನಳಿಗೆ ಸುಮ್ನೆ ಇರುತ್ತದೆ. ಹಾಗಾಗಿ ಅಸಲಿ ಕರಿಮದ್ದೇ ಬೇಕು. ಅದನ್ನು ತಯಾರಿಸುವ ಲೂಯಿಸಿಯಾನದ ಗೋಎಕ್ಸ್ ಕಾರ್ಖಾನೆ 2021ರಲ್ಲಿ ನಿಂತಾಗ ಎಲ್ಲರಿಗೂ ಪರದಾಟವಾಗಿತ್ತು. ನಂತರ ಎಸ್ಟೆಸ್ ಕಂಪನಿ ಅದನ್ನು ಕೊಂಡಿತು. ಸ್ವಿಸ್ ಮದ್ದು ದುಬಾರಿ, ಆದರೆ ಮಸಿ ಕಡಿಮೆ, ಬಿರುಸೂ ಹೆಚ್ಚು. ಬದಲಾಯಿಸಿದರೆ ಅಳತೆಯನ್ನು ಮತ್ತೆ ಕೆಳಗಿನಿಂದಲೇ ಶುರು ಮಾಡಿ.

ಹೊಡೆದ ದಿನ ಸಂಜೆಯೇ ಕೋವಿಯನ್ನು ಬಿಸಿನೀರು, ಸೋಪು ಹಾಕಿ ತೊಳೆದು ಎಣ್ಣೆ ಹಚ್ಚಬೇಕು. ಬೇಸರದ ಕೆಲಸ, ತಪ್ಪಿಸಲಾಗದು. 28ರ ಸುತ್ತಿನ ಇನ್‌ಲೈನ್ ಕೋವಿ (ಕೇಪು ನಳಿಗೆಯ ಹಿಂದೆ ನೇರವಾಗಿ ಕೂರುವ ಹೊಸ ಬಗೆ) ಇರುವವರು ನನ್ನ ಅಳತೆ ಹಿಡಿಯಬೇಡಿ. ಅದರ ಗುಂಡೇ ಬೇರೆ, ಲೆಕ್ಕವೇ ಬೇರೆ.