ಬಿಪಿ ಸರಿಯಿದೆ ಅಂತ ವಿಟಿಯನ್ನು ಎಸ್‌ವಿಟಿ ಅನ್ನಬೇಡಿ

ಐಸಿಯು, ಕ್ಯಾಶುವಲ್ಟಿಗೆ ಹೊಸದಾಗಿ ಸೇರಿದ ನರ್ಸ್‌ಗಳು, ಡ್ಯೂಟಿ ಡಾಕ್ಟರ್‌ಗಳು ದಯವಿಟ್ಟು ಇದನ್ನು ಓದಿ. ಮಾನಿಟರ್‌ನಲ್ಲಿ ಕ್ಯೂಆರ್‌ಎಸ್ (ಹೃದಯದ ಕೆಳಕೋಣೆಗಳ ಬಡಿತ ತೋರಿಸುವ ಅಲೆ) ಅಗಲವಾಗಿದ್ದು ವೇಗವಾಗಿ ಓಡುತ್ತಿದ್ದರೆ, ಅಲ್ಲ ಅಂತ ಖಾತ್ರಿಯಾಗುವ ತನಕ ಅದು ವಿಟಿಯೇ. ವಿಟಿ ಅಂದರೆ ಕೆಳಕೋಣೆಗಳಲ್ಲೇ ಹುಟ್ಟುವ ಅಪಾಯದ ವೇಗದ ಬಡಿತ, ಎಸ್‌ವಿಟಿ ಅಂದರೆ ಅವುಗಳಿಗಿಂತ ಮೇಲೆ ಹುಟ್ಟುವ ವೇಗದ ಬಡಿತ. ರೋಗಿ ಕೂತು ಮಾತಾಡುತ್ತಿದ್ದರೂ ಅಷ್ಟೇ.

ನನ್ನ ನೈಟ್ ಡ್ಯೂಟಿಯಲ್ಲಿ ಅರವತ್ತು ದಾಟಿದ ಯಜಮಾನರೊಬ್ಬರು ಬಂದರು. ಎದೆ ಡವಡವ ಅಂತಿದೆ, ಸುಸ್ತು ಅಂದರು. ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಮಗಳು ಹಳೇ ಫೈಲ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ರೇಟ್ 170, ಲಯ ಒಂದೇ ಸಮ, ಕ್ಯೂಆರ್‌ಎಸ್ ಅಗಲ, ಬಿಪಿ 110/70.

"ಬಿಪಿ ಇದೆ, ಮಾತಾಡ್ತಿದಾರೆ. ಬಂಡಲ್ ಬ್ರಾಂಚ್ ಬ್ಲಾಕ್ ಇರೋ ಎಸ್‌ವಿಟಿ ಇದು" ಅಂದರು ಡ್ಯೂಟಿ ಡಾಕ್ಟರ್. (ಬಂಡಲ್ ಬ್ರಾಂಚ್ ಬ್ಲಾಕ್ ಅಂದರೆ ಕೆಳಕೋಣೆಗೆ ಕರೆಂಟ್ ಒಯ್ಯುವ ಒಂದು ದಾರಿಗೆ ಅಡ್ಡಿ. ಅದರಿಂದಲೂ ಕ್ಯೂಆರ್‌ಎಸ್ ಅಗಲವಾಗುತ್ತದೆ.)

"ಸರ್, ಪೂರ್ತಿ ಇಸಿಜಿ ತೆಗೀಲಾ?" ಅಂತ ನಾನು ಕೇಳಿದೆ.

ಆಮೇಲೆ ನೋಡೋಣ ಅಂತ ಅವರು ಎಸ್‌ವಿಟಿಗೆ ಕೊಡುವ ಔಷಧಿ ವೆರಾಪಮಿಲ್ ಕೊಟ್ಟರು. ಕೆಲವೇ ನಿಮಿಷದಲ್ಲಿ ಬಿಪಿ ಕುಸಿಯಿತು. ಮೈ ತಣ್ಣಗಾಗಿ ಬೆವರು ಕಿತ್ತುಕೊಂಡು ಬಂತು, ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಸಿಂಕ್ (ಶಾಕ್ ಅನ್ನು ಬಡಿತಕ್ಕೆ ಹೊಂದಿಸುವ ಬಟನ್) ಒತ್ತಿ ಶಾಕ್ ಕೊಟ್ಟ ಮೇಲೆ ಲಯ ಸರಿಹೋಯಿತು. ಪುಣ್ಯಕ್ಕೆ ಬದುಕಿದರು.

ಆಮೇಲೆ ಸ್ಟ್ರಿಪ್ ತೆಗೆದು ನೋಡಿದರೆ ಎಲ್ಲ ಅದರಲ್ಲೇ ಇತ್ತು. ಪಿ ಅಲೆಗಳು (ಮೇಲ್ಕೋಣೆಗಳ ಬಡಿತದ ಗುರುತು) ಕ್ಯೂಆರ್‌ಎಸ್‌ಗೆ ಸಂಬಂಧವೇ ಇಲ್ಲದ ಹಾಗೆ ತಮ್ಮ ಪಾಡಿಗೆ ಹೋಗುತ್ತಿದ್ದವು. ಅಗಲದ ಬಡಿತಗಳ ನಡುವೆ ಒಂದೇ ಒಂದು ಕಿರಿದಾದ ಬಡಿತ. ಅದು ಕ್ಯಾಪ್ಚರ್ ಬೀಟ್, ಅಂದರೆ ಮೇಲಿನಿಂದ ಬಂದ ಕರೆಂಟ್ ನಡುವೆ ಒಮ್ಮೆ ಕೆಳಕೋಣೆಯನ್ನು ಹಿಡಿದ ಬಡಿತ. ವಿಟಿಯ ಗಟ್ಟಿ ಗುರುತು. ಮಗಳ ಕೈಯಲ್ಲಿದ್ದ ಫೈಲ್‌ನ ಹಳೇ ಇಸಿಜಿಯಲ್ಲಿ ಬಂಡಲ್ ಬ್ರಾಂಚ್ ಬ್ಲಾಕ್ ಇರಲೇ ಇಲ್ಲ. ಆ ಫೈಲ್ ತೆರೆಯೋಕೆ ಎಷ್ಟು ಹೊತ್ತು ಬೇಕಿತ್ತು? ನನಗೆ ಈಗಲೂ ಸಂಕಟವಾಗುತ್ತದೆ.

ವೆರಾಪಮಿಲ್ ಹೃದಯದ ಬಡಿತದ ಬಲ ಕಡಿಮೆ ಮಾಡುತ್ತದೆ, ರಕ್ತನಾಳ ಸಡಿಲಿಸುತ್ತದೆ. ಹಳೇ ಅಟ್ಯಾಕ್‌ನ ಗಾಯದಿಂದ ಹುಟ್ಟಿದ ವಿಟಿ ಅದಕ್ಕೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಲಯ ಹಾಗೇ ಉಳಿದು ಬಿಪಿ ಮಾತ್ರ ಹೋಗುತ್ತದೆ. (ವೆರಾಪಮಿಲ್‌ಗೆ ನಿಲ್ಲುವ ಒಂದು ಬಗೆಯ ವಿಟಿ ಇದೆ, ಹೃದಯ ಚೆನ್ನಾಗಿರುವ ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ. ಆ ತೀರ್ಮಾನ ಕಾರ್ಡಿಯಾಲಜಿಸ್ಟ್‌ಗೆ ಬಿಡಿ.)

ಅಗಲ ಅಂದರೆ 120 ಮಿಲಿಸೆಕೆಂಡ್ ಅಥವಾ ಜಾಸ್ತಿ, ಇಸಿಜಿ ಕಾಗದದಲ್ಲಿ ಮೂರು ಚಿಕ್ಕ ಚೌಕ. ಮಾನಿಟರ್‌ನ ಒಂದೇ ಲೀಡ್ (ಹೃದಯದ ಒಂದು ಕೋನದ ನೋಟ) ನಂಬಬೇಡಿ, ಅಗಲದ್ದೂ ಅದರಲ್ಲಿ ಕಿರಿದಾಗಿ ಕಾಣಬಹುದು. 12 ಲೀಡ್‌ನ ಪೂರ್ತಿ ಇಸಿಜಿ ತೆಗೆಯಿರಿ. ಎದೆಯ ಮೇಲಿನ ಲೀಡ್‌ಗಳಾದ ವಿ1ರಿಂದ ವಿ6ರವರೆಗೆ ಕ್ಯೂಆರ್‌ಎಸ್ ಎಲ್ಲವೂ ಒಂದೇ ದಿಕ್ಕಿಗಿದ್ದರೆ (ಎಲ್ಲ ಮೇಲಕ್ಕೆ ಅಥವಾ ಎಲ್ಲ ಕೆಳಕ್ಕೆ) ವಿಟಿ ಅನುಮಾನ ಬಲವಾಗುತ್ತದೆ. ಈ ಗುರುತು ಯಾವುದೂ ಸಿಗಲಿಲ್ಲ ಅಂದಮಾತ್ರಕ್ಕೆ ವಿಟಿ ಅಲ್ಲ ಅಂತಲ್ಲ. ಅಗಲದ ಜೊತೆ ಲಯವೂ ಏರುಪೇರಾಗಿದ್ದರೆ ಇನ್ನೂ ಹುಷಾರು. ಅದು ಡಬ್ಲ್ಯುಪಿಡಬ್ಲ್ಯು (ಹೃದಯದಲ್ಲಿ ಹುಟ್ಟಿನಿಂದಲೇ ಕರೆಂಟ್‌ಗೆ ಒಂದು ಹೆಚ್ಚುವರಿ ದಾರಿ) ಇರುವವರ ಏಟ್ರಿಯಲ್ ಫಿಬ್ರಿಲೇಶನ್ (ಮೇಲ್ಕೋಣೆಗಳ ಅಡ್ಡಾದಿಡ್ಡಿ ಬಡಿತ) ಆಗಿದ್ದರೆ, ಎಸ್‌ವಿಟಿಗೆ ಕೊಡುವ ಅಡೆನೊಸಿನ್, ವೆರಾಪಮಿಲ್ ಎರಡೂ ಜೀವಕ್ಕೇ ಅಪಾಯ.

ಯಾವ ಔಷಧಿ ಕೊಡುವ ಮುಂಚೆಯೂ ಡಿಫಿಬ್ ಪ್ಯಾಡ್ (ಶಾಕ್ ಕೊಡುವ ಪ್ಯಾಡ್) ಅಂಟಿಸಿಡಿ. ಸಿಸ್ಟರ್‌ಗಳೇ, ಸೀನಿಯರ್ ಏನಂದುಕೊಳ್ತಾರೋ ಅಂತ ಸುಮ್ನಿರಬೇಡಿ. "ಸರ್, ಕ್ಯೂಆರ್‌ಎಸ್ ಅಗಲ ಇದೆ, ಹಳೇ ಅಟ್ಯಾಕ್ ಇದೆ, ವಿಟಿ ಇರಬಹುದು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಹೇಳಿದ ಟೈಮ್ ಸಮೇತ ನರ್ಸಿಂಗ್ ನೋಟ್ಸ್‌ನಲ್ಲಿ ಬರೆಯಿರಿ.