ಪೈಪರಿನ್ ಅಳೆಯುವವರೇ, ಮೊದಲು ಕಿಟಕಿ ಕಡೆ ನೋಡಿ

ಹಿಪ್ಪಲಿ ಅಥವಾ ಕರಿಮೆಣಸಿನ ಎಕ್ಸ್‌ಟ್ರಾಕ್ಟ್‌ನಲ್ಲಿ (ಸಾರದಲ್ಲಿ) ಪೈಪರಿನ್, ಅಂದರೆ ಅವುಗಳ ಖಾರದ ಅಂಶ, ಎಷ್ಟಿದೆ ಅಂತ ಎಚ್‌ಪಿಎಲ್‌ಸಿಯಲ್ಲಿ (ಬೆರೆತ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ನೋಡುವವರು ಇದನ್ನೊಮ್ಮೆ ಓದಿ. ಬಣ್ಣವಿಲ್ಲದ ಗಾಜಿನ ವಯಲ್‌ಗಳನ್ನು (ಪುಟ್ಟ ಸೀಸೆಗಳನ್ನು) ನಂಬಿ ನಾನು ಎರಡು ವಾರ ಹಾಳು ಮಾಡಿಕೊಂಡೆ. ಜೊತೆಗೆ ಸರಿಯಾಗಿದ್ದ ಒಂದು ಬ್ಯಾಚ್‌ಗೆ ‘ಫೇಲ್’ ಅಂತ ಬರೆದು ಸಹಿ ಹಾಕಿದೆ.

ಮೂರು ಬ್ಯಾಚ್ ಹಿಪ್ಪಲಿ ಎಕ್ಸ್‌ಟ್ರಾಕ್ಟ್ ಇತ್ತು. ಮೆಥನಾಲ್‌ನಲ್ಲಿ ಕರಗಿಸಿ, ಸೋಸಿ, ವಯಲ್‌ಗೆ ತುಂಬಿ ಶುಕ್ರವಾರ ಸಂಜೆ ಆಟೋಸ್ಯಾಂಪ್ಲರ್‌ನಲ್ಲಿ, ಅಂದರೆ ವಯಲ್‌ಗಳಿಂದ ಸ್ಯಾಂಪಲ್ ತಾನೇ ಎಳೆದು ಯಂತ್ರಕ್ಕೆ ಬಿಡುವ ಪೆಟ್ಟಿಗೆಯಲ್ಲಿ, ಸಾಲಾಗಿ ಇಟ್ಟೆ. ಬೇರ್ಪಡಿಸಲು ಸಿ18 ಕಾಲಂ, ಅದರೊಳಗೆ ಹರಿಸಲು ಅಸಿಟೋನೈಟ್ರೈಲ್ ಮತ್ತು ನೀರು, ಬೆಳಕಿನ ಹೀರಿಕೆ ನೋಡುವ ಡಿಟೆಕ್ಟರ್ 343 ನ್ಯಾನೋಮೀಟರ್‌ಗೆ. ಎಲ್ಲರೂ ಮಾಡುವುದೇ. ಮೊದಲು ಸ್ಟ್ಯಾಂಡರ್ಡ್‌ಗಳು (ಹೋಲಿಸಿ ನೋಡಲು ಪ್ರಮಾಣ ಗೊತ್ತಿರುವ ಪೈಪರಿನ್ ದ್ರಾವಣಗಳು), ಆಮೇಲೆ ಒಂದನೇ ಬ್ಯಾಚ್, ಎರಡನೆಯದು, ಕೊನೆಗೆ ಮೂರನೆಯದು. ಲೈಟ್ ಆರಿಸಿ ಮನೆಗೆ ಹೋದೆ.

ಸೋಮವಾರ ಬಂದು ನೋಡಿದರೆ ಮೊದಲ ಎರಡು ಬ್ಯಾಚ್ ಚೆನ್ನಾಗಿವೆ. ಮೂರನೆಯದು ಮಾತ್ರ ಮಿತಿಗಿಂತ ಕೆಳಗೆ. ಅದೂ ಒಂದೇ ವಯಲ್‌ನಿಂದ ಮಾಡಿದ ಇಂಜೆಕ್ಷನ್‌ಗಳು ಮೆಟ್ಟಿಲು ಇಳಿದ ಹಾಗೆ ಒಂದಕ್ಕಿಂತ ಒಂದು ಕಡಿಮೆ. ಗ್ರಾಫ್‌ನಲ್ಲಿ ಪೈಪರಿನ್ ತೋರಿಸುವ ಪೀಕ್‌ನ ಪಕ್ಕದಲ್ಲಿ ಸಣ್ಣದೊಂದು ಉಬ್ಬು ಬೇರೆ. ಆ ಉಬ್ಬನ್ನು ನಾನು ನೋಡಿದ್ದೆ. ನೋಡಿಯೂ ‘ಕಾಲಂ ಹಳೆಯದಾಗಿದೆ’ ಅಂದುಕೊಂಡು ಬಿಟ್ಟೆ.

ಎಕ್ಸ್‌ಟ್ರಾಕ್ಟ್ ತಯಾರಿಸಿದ ಹುಡುಗಿ ನನ್ನ ಹತ್ತಿರ ಬಂದು, “ಮೇಡಂ, ಫ್ಲಾಸ್ಕ್ ತಳದಲ್ಲಿ ಹಳದಿ ಹರಳು ಕೂತಿದೆ, ಸೂಜಿ ಸೂಜಿ ಥರ. ಪೈಪರಿನ್ ಕಡಿಮೆ ಇದ್ದರೆ ಅದು ಹೇಗೆ ಬರುತ್ತೆ?” ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ ಅಲ್ವಾ? ನಾನು, “ಹರಳು ಕಣ್ಣಿಗೆ ಕಾಣುತ್ತೆ, ಮಷೀನ್ ಲೆಕ್ಕ ಕೊಡುತ್ತೆ” ಅಂತ ದೊಡ್ಡದಾಗಿ ಹೇಳಿ ಕಳಿಸಿದೆ. ಈಗಲೂ ಆ ಮಾತು ನೆನಪಾದರೆ ಮುಜುಗರ ಆಗುತ್ತದೆ. ಅವಳು ಪಾಪ, ಹಿಪ್ಪಲಿ ಪುಡಿಯನ್ನು ಮತ್ತೆ ತೂಗಿ ಎಲ್ಲ ಮೊದಲಿಂದ ಮಾಡಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನನ್ನ ಕೆಲಸ. ಕಾಲಂ ಬದಲಾಯಿಸಿದೆ. ಮೊಬೈಲ್ ಫೇಸ್ (ಕಾಲಂನಲ್ಲಿ ಹರಿಯುವ ದ್ರವ) ಹೊಸದಾಗಿ ಮಾಡಿದೆ. ಎಕ್ಸ್‌ಟ್ರಾಕ್ಷನ್ ಸಮಯ ಜಾಸ್ತಿ ಮಾಡಿಸಿದೆ. ಒಂದು ದಿನ ಸರಿ ಬರುತ್ತಿತ್ತು, ಇನ್ನೊಂದು ದಿನ ಇಲ್ಲ. ಕೊನೆಗೆ ಯುವಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ಬೇರ್ಪಡಿಸದೆ ಬೆಳಕಿನ ಹೀರಿಕೆ ಅಳೆಯುವ ಉಪಕರಣದಲ್ಲಿ) ನೋಡೋಣ ಅಂತ ಹೋದರೆ ಅಲ್ಲಿ ಅಂಕಿ ಜಾಸ್ತಿ ಬಂತು! ಬರಲೇಬೇಕು. ಹಿಪ್ಪಲಿಯಲ್ಲಿ ಪೈಪರಿನ್ ಒಂದೇ ಇರುವುದಲ್ಲ, ಅದರ ದಾಯಾದಿಗಳಾದ ಅಮೈಡ್ ಎಂಬ ಸಂಯುಕ್ತಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಅಲ್ಲೇ ಅಕ್ಕಪಕ್ಕ ಬೆಳಕು ಹೀರುತ್ತವೆ. ಬೇರ್ಪಡಿಸದೆ ಅಳೆದರೆ ಎಲ್ಲವೂ ಪೈಪರಿನ್ ಲೆಕ್ಕಕ್ಕೇ ಸೇರುತ್ತವೆ. ಎಚ್‌ಪಿಎಲ್‌ಸಿ ಬಳಸುವುದೇ ಅದಕ್ಕೆ, ಆದರೆ ಆ ಹೊತ್ತಿಗೆ ನನ್ನ ತಲೆ ಕೆಟ್ಟಿತ್ತು.

ಈ ಒಗಟು ಬಿಡಿಸಿದವರು ಬೇರೆ ವಿಭಾಗದ ಹಿರಿಯರೊಬ್ಬರು. ಅವರು ಕ್ರೊಮ್ಯಾಟೋಗ್ರಾಮ್ (ಪೀಕ್‌ಗಳ ಗ್ರಾಫ್) ನೋಡಲೇ ಇಲ್ಲ. “ವಯಲ್ ಯಾವ ಬಣ್ಣದ್ದಮ್ಮಾ?” ಅಂದರು. ಆಮೇಲೆ ಇಂಜೆಕ್ಷನ್‌ಗಳ ಸಮಯ ಓದು ಅಂದರು. ಓದುತ್ತಾ ಓದುತ್ತಾ ನನಗೇ ಗೊತ್ತಾಯಿತು. ಬೆಳಗಿನ ಏಳು ಗಂಟೆವರೆಗೆ ಎಲ್ಲ ನೆಟ್ಟಗಿದೆ. ಇಳಿಜಾರು ಶುರುವಾದದ್ದು ಆಮೇಲೆ. ಆಟೋಸ್ಯಾಂಪ್ಲರ್‌ನ ಬಾಗಿಲು ಪಾರದರ್ಶಕ, ಎದುರಿಗೇ ಪೂರ್ವದ ಕಿಟಕಿ. ಮೂರನೇ ಬ್ಯಾಚ್‌ನ ಪಾಳಿ ಬಂದದ್ದು ಬಿಸಿಲಿನಲ್ಲಿ. ಸ್ಟ್ಯಾಂಡರ್ಡ್ ಓಡಿದ್ದು ಕತ್ತಲಲ್ಲಿ.

ಪೈಪರಿನ್ ಅಣುವಿನಲ್ಲಿ ಎರಡು ಜೋಡಿಬಂಧಗಳ ಒಂದು ಸರಪಳಿ ಇದೆ. ದ್ರಾವಣದಲ್ಲಿರುವಾಗ ಬೆಳಕು ಬಿದ್ದರೆ ಆ ಬಂಧಗಳ ಸುತ್ತ ಅಣು ತಿರುಚಿಕೊಂಡು ಐಸೋಪೈಪರಿನ್, ಚಾವಿಸಿನ್, ಐಸೋಚಾವಿಸಿನ್ ಆಗುತ್ತದೆ. ಪರಮಾಣು ಒಂದೂ ಕಡಿಮೆಯಾಗಿಲ್ಲ, ಆಕಾರ ಮಾತ್ರ ಬೇರೆ. ಖಾರವೂ ಹೋಗುತ್ತದೆ. ಇವು 343ರಲ್ಲಿ ಪೈಪರಿನ್‌ನಷ್ಟು ಬೆಳಕು ಹೀರುವುದಿಲ್ಲ, ಹಾಗಾಗಿ ಪೀಕ್ ಕುಗ್ಗುತ್ತದೆ. ಪೀಕ್‌ಗೆ ಅಂಟಿಕೊಂಡಂತೆ ಬರುವುದರಿಂದ ಅವಸರದ ಮೆಥಡ್‌ನಲ್ಲಿ ಬರೀ ಉಬ್ಬಾಗಿ ಕಾಣುತ್ತವೆ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಕಾಪಾಡುತ್ತದೆ ಅಂದುಕೊಳ್ಳಬೇಡಿ. ನಾಲ್ಕರ ತೂಕವೂ ಒಂದೇ, ನಾಲ್ಕೂ 286ರಲ್ಲೇ ಬರುತ್ತವೆ. ಕಾಲಂನಲ್ಲೇ ಬಿಡಿಸಬೇಕು.

ಪರೀಕ್ಷೆ ಸುಲಭ. ಒಂದೇ ದ್ರಾವಣವನ್ನು ಎರಡು ವಯಲ್‌ಗೆ ಹಾಕಿದೆ. ಒಂದಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ, ಇನ್ನೊಂದನ್ನು ಕಿಟಕಿ ಮೇಲಿಟ್ಟೆ. ಎರಡು ಗಂಟೆ ಬಿಟ್ಟು ನಿಧಾನದ ಗ್ರೇಡಿಯಂಟ್‌ನಲ್ಲಿ (ಹರಿಯುವ ದ್ರವದ ಮಿಶ್ರಣವನ್ನು ನಿಧಾನವಾಗಿ ಬದಲಿಸುತ್ತಾ) ಓಡಿಸಿದೆ. ಫಾಯಿಲ್‌ನಲ್ಲಿದ್ದದ್ದರಲ್ಲಿ ಎತ್ತರದ ಪೀಕ್ ಒಂದೇ ಒಂದು. ಕಿಟಕಿಯದರಲ್ಲಿ ಅದು ಕುಳ್ಳಗಾಗಿ, ಪಕ್ಕದಲ್ಲಿ ಮರಿಗಳು ಎದ್ದಿದ್ದವು. ಅರ್ಧ ದಿನದ ಕೆಲಸ. ಇದನ್ನು ಮೊದಲ ಸೋಮವಾರವೇ ಮಾಡಬಹುದಿತ್ತು.

ಈಗ ತೂಗಿದ ಕ್ಷಣದಿಂದ ಬೆಳಕು ತಡೆಯುವ ಕಂದು ಬಣ್ಣದ ಅಂಬರ್ ಗಾಜೇ. ಸೋಸುವಾಗ, ಸೋನಿಕೇಟರ್‌ನಲ್ಲಿ (ಶಬ್ದತರಂಗದಿಂದ ಕರಗಿಸುವ ಉಪಕರಣದಲ್ಲಿ) ಇಡುವಾಗಲೂ ಫಾಯಿಲ್ ಸುತ್ತುತ್ತೇವೆ. ಅದಕ್ಕಿಂತ ಮುಖ್ಯವಾದದ್ದು, ಸ್ಟ್ಯಾಂಡರ್ಡ್‌ಗಳನ್ನೆಲ್ಲ ಶುರುವಿನಲ್ಲೇ ಓಡಿಸಿ ಮುಗಿಸಬೇಡಿ. ನಡುವೆ ಒಂದು, ಕೊನೆಗೆ ಒಂದು ಇರಲಿ, ಅದೂ ಸ್ಯಾಂಪಲ್‌ಗಳ ಜೊತೆಗೇ ಅದೇ ಟ್ರೇಯಲ್ಲಿ ಕೂತದ್ದು. ನಾನು ಕೊನೆಯಲ್ಲಿ ಒಂದೇ ಒಂದು ಸ್ಟ್ಯಾಂಡರ್ಡ್ ಇಟ್ಟಿದ್ದರೂ ಅದೂ ಇಳಿದಿರುತ್ತಿತ್ತು, ತಪ್ಪು ಬ್ಯಾಚ್‌ನದಲ್ಲ ಅಂತ ಅವತ್ತೇ ತಿಳಿಯುತ್ತಿತ್ತು. ಫ್ರಿಜ್‌ನಲ್ಲಿದೆ ಅಂತ ಹಳೇ ದ್ರಾವಣ ಬಳಸುವವರೂ ಇದ್ದಾರೆ. ತಂಪು ಬೆಳಕನ್ನು ತಡೆಯುವುದಿಲ್ಲ ಸ್ವಾಮಿ, ಗಾಜಿನ ಬಣ್ಣ ನೋಡಿ.

ಅಂದಹಾಗೆ, ಪೈಪರಿನ್ ಅನ್ನು 1819ರಲ್ಲಿ ಮೊದಲು ಬೇರ್ಪಡಿಸಿದ್ದು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್. ಮರುವರ್ಷ ವಿದ್ಯುತ್ತಿನಿಂದ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡುಹಿಡಿದದ್ದೂ ಅವನೇ. ನನಗೆ ಕಿಟಕಿ ಕಂಡುಹಿಡಿಯಲು ಎರಡು ವಾರ ಬೇಕಾಯಿತು.

ಫೇಲ್ ಮಾಡಿದ್ದ ಬ್ಯಾಚ್‌ನಲ್ಲಿ ಸ್ವಲ್ಪ ಎಕ್ಸ್‌ಟ್ರಾಕ್ಟ್ ಕಪಾಟಿನಲ್ಲಿ ಉಳಿದಿತ್ತು. ಅಂಬರ್ ವಯಲ್‌ನಲ್ಲಿ ಮತ್ತೆ ಓಡಿಸಿದೆ. ಉಳಿದೆರಡರ ಪಕ್ಕದಲ್ಲೇ ಬಂದು ಕೂತಿತು. ರಿಪೋರ್ಟ್ ತಿದ್ದಿ, ಆ ಹುಡುಗಿಯ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವಳು ಏನೂ ಅನ್ನಲಿಲ್ಲ. ಮಾರನೇ ದಿನ ಬಂದು ನೋಡಿದರೆ ಆಟೋಸ್ಯಾಂಪ್ಲರ್ ಬಾಗಿಲಿಗೆ ಕಪ್ಪು ಕಾಗದ ಅಂಟಿಸಿದ್ದಳು, ನಾಲ್ಕೂ ಅಂಚಿಗೆ ಟೇಪ್ ಹಾಕಿ.