ತೋಳದ ಕೊರಳಿನ ಜಿಪಿಎಸ್ ಕಾಲರ್: ಬೇಟೆಯ ಲೆಕ್ಕಕ್ಕೆ ಸೈ, ಉಳಿದದ್ದಕ್ಕೆ ಅರೆಬರೆ

ಉತ್ತರದ ಚಳಿನಾಡುಗಳ ದೈತ್ಯ ಜಿಂಕೆಯೇ ಮೂಸ್. ತೋಳಗಳು ಎಷ್ಟು ಮೂಸ್‌ಗಳನ್ನು ಕೊಲ್ಲುತ್ತವೆ ಎಂದು ಅಳೆಯಲು ಹೊರಟವರು ಈಗ ಮೊದಲು ತರಿಸುವುದು ಉಪಗ್ರಹ ಸಂಪರ್ಕದ ಜಿಪಿಎಸ್ ಕಾಲರನ್ನು. ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಮಾಲಿನದಲ್ಲ, ಈ ಜಾತಿಯ ಕಾಲರುಗಳದು. ಒಳಗಿನ ಸಾಮಾನು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಚಳಿಗಾಲದಲ್ಲಿ, ಬೆಳೆದ ಮೂಸ್‌ಗಳ ಮಟ್ಟಿಗೆ, ಇದು ಕೊಟ್ಟ ಕಾಸಿಗೆ ಮೋಸವಿಲ್ಲದ ಸಾಧನ. ಬೇಸಿಗೆಯಲ್ಲಿ ಕರುಗಳ ಲೆಕ್ಕಕ್ಕೆ ಇದೊಂದನ್ನೇ ನಂಬಿದರೆ ಕೆಟ್ಟಿರಿ. ತೋಳಗಳಿಂದಲೇ ಮೂಸ್ ಸಂಖ್ಯೆ ಇಳಿಯಿತೇ ಎಂಬ ಪ್ರಶ್ನೆಗಂತೂ ಇದರಿಂದ ಸಿಗುವುದು ಅರ್ಧ ಉತ್ತರ.

ಪಟ್ಟಿ, ಜಿಪಿಎಸ್ ಗ್ರಾಹಕ, ಲಿಥಿಯಂ ಬ್ಯಾಟರಿ, ಉಪಗ್ರಹಕ್ಕೆ ಸಂದೇಶ ಕಳಿಸುವ ಮೋಡೆಮ್, ಹತ್ತಿರದಿಂದ ಹುಡುಕಲು ಹಳೆಯ ಬಗೆಯ ವಿಎಚ್‌ಎಫ್ ಬೀಪು, ಪ್ರಾಣಿ ಗಂಟೆಗಟ್ಟಲೆ ಅಲುಗದಿದ್ದರೆ ಎಚ್ಚರಿಸುವ ಸಂವೇದಕ, ಹೊತ್ತು ಬಂದಾಗ ತಾನೇ ಕಳಚಿಕೊಳ್ಳುವ ಕೊಂಡಿ: ಇಷ್ಟೂ ಇದ್ದರೆ ಪೂರ್ತಿ ಕಾಲರ್. ತೂಕ ಪ್ರಾಣಿಯ ಮೈತೂಕದ ಶೇ. 3ರೊಳಗೆ ಇರಲಿ. 40 ಕಿಲೋ ತೋಳಕ್ಕೆ ಅದು 1.2 ಕಿಲೋ ಆಗುತ್ತದೆ, ಆದರೆ ಆ ಮಿತಿಯ ತುದಿಗೆ ಹೋಗಬೇಕಾದ ಅಗತ್ಯವೇ ಬೀಳುವುದಿಲ್ಲ.

ನಿಜವಾದ ಚೌಕಾಸಿ ಇರುವುದು ಬ್ಯಾಟರಿಯ ಜೊತೆ. ಗಂಟೆಗೊಮ್ಮೆ ಜಾಗ ಗುರುತಿಸು ಎಂದರೆ ವರ್ಷಕ್ಕೆ 8,760 ಬಿಂದು. ಎರಡು ಗಂಟೆಗೊಮ್ಮೆ ಎಂದರೆ ಅದರ ಅರ್ಧ. ಪ್ರತಿ ಬಿಂದುವೂ ಬ್ಯಾಟರಿ ತಿನ್ನುತ್ತದೆ, ಉಪಗ್ರಹಕ್ಕೆ ಕಳಿಸುವ ಪ್ರತಿ ಸಂದೇಶ ಇನ್ನಷ್ಟು ತಿನ್ನುತ್ತದೆ, ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಕಸುವೂ ಕುಗ್ಗುತ್ತದೆ. ಹಾಗಾಗಿ ವರ್ಷವಿಡೀ ಒಂದೇ ವೇಗದಲ್ಲಿ ಓಡಿಸುವುದು ದಂಡ. ಬೇಟೆ ಎಣಿಸುವ ಎರಡು ಮೂರು ತಿಂಗಳು ಗಂಟೆಗೊಮ್ಮೆ, ಉಳಿದ ಕಾಲ ದಿನಕ್ಕೆರಡು ಬಿಂದು ಸಾಕು. ಈ ವೇಳಾಪಟ್ಟಿಯನ್ನು ದೂರದಿಂದಲೇ ಬದಲಿಸಲು ಬರುವ ಕಾಲರನ್ನೇ ಕೊಳ್ಳಿ. ಅದಿಲ್ಲದಿದ್ದರೆ ತೋಳವನ್ನು ಮತ್ತೆ ಹಿಡಿಯದೆ ಏನೂ ಮಾಡಲಾಗದು.

ಬಂದ ಬಿಂದುಗಳು ಬೇಟೆಯಾಗುವುದು ನಡೆದು ನೋಡಿದ ಮೇಲೆಯೇ. 100 ಅಥವಾ 200 ಮೀಟರ್ ಒಳಗೆ ಎರಡು ಅಥವಾ ಹೆಚ್ಚು ಬಿಂದು ಗುಂಪಾದರೆ ಅದನ್ನು ಕ್ಲಸ್ಟರ್ ಎನ್ನುತ್ತಾರೆ. ಹಿಂಡು ಒಂದು ದೊಡ್ಡ ಮೂಸ್ ಕೆಡವಿದರೆ ಎರಡು ಮೂರು ದಿನ ಅಲ್ಲೇ ಸುಳಿದಾಡುವುದರಿಂದ ಗುಂಪು ದಟ್ಟವಾಗಿ ಬೀಳುತ್ತದೆ. ಆದರೆ ಮಲಗಿದ ಜಾಗ, ಮರಿಗಳ ಗೂಡು, ಹಳೆಯ ಕಳೇಬರಕ್ಕೆ ಮರಳಿ ಬಂದದ್ದು ಇವೂ ನಕ್ಷೆಯಲ್ಲಿ ಹಾಗೆಯೇ ಕಾಣುತ್ತವೆ. ಪರದೆ ನೋಡಿ ಬೇಟೆ ಎಣಿಸಿದ ವರದಿಯನ್ನು ಪಕ್ಕಕ್ಕಿಡಬಹುದು.

ತೋಳಗಳು ಜಾಗ ಬಿಟ್ಟ ಮೇಲೆ, ಬೇಗ, ಆದರೆ ಅವನ್ನು ಊಟದಿಂದ ಎಬ್ಬಿಸದಂತೆ ಹೋಗಬೇಕು. ಪ್ರತಿ ಬಿಂದುವಿನ ಸುತ್ತ ಕನಿಷ್ಠ 50 ಮೀಟರ್ ಜಾಲಾಡಬೇಕು. ಪಳಗಿದ ನಾಯಿಯಿದ್ದರೆ ಕೆಲಸ ಹಗುರ. ಮೊದಲು ಹುಡುಕುವುದು ಮೂಳೆಯನ್ನಲ್ಲ, ಜಠರದ ಮುದ್ದೆಯನ್ನು. ಅಗಿದ ಕಡ್ಡಿಚೂರು ತುಂಬಿದ ಆ ಹಸಿರುಕಂದು ರಾಶಿಯನ್ನು ತೋಳ ಮುಟ್ಟುವುದಿಲ್ಲ. ಕಾಲು, ತಲೆ ಎಲ್ಲೆಲ್ಲಿಗೋ ಎಳೆದೊಯ್ದಿದ್ದರೂ ಮುದ್ದೆ ಬಿದ್ದಲ್ಲೇ ಇರುತ್ತದೆ, ಮೂಸ್ ಸತ್ತದ್ದು ಅದರ ಆಸುಪಾಸಿನಲ್ಲೇ. ಚರ್ಮ ಉಳಿದಿದ್ದರೆ ಒಳಮೈ ತಿರುಗಿಸಿ ನೋಡಿ. ಕಚ್ಚಿದ ಗುರುತಿನ ಕೆಳಗೆ ರಕ್ತ ಹೆಪ್ಪುಗಟ್ಟಿದ್ದರೆ ಕಚ್ಚಿದಾಗ ಪ್ರಾಣಿಗೆ ಜೀವವಿತ್ತು. ರಕ್ತವಿಲ್ಲದ ಹಲ್ಲಿನ ಗುರುತು ಸತ್ತದ್ದನ್ನು ತಿಂದ ಲಕ್ಷಣ. ಈ ಒಂದು ಪರೀಕ್ಷೆ ತಪ್ಪಿದರೆ ಹಸಿವಿನಿಂದ ಸತ್ತ ಮೂಸ್ ಎಲ್ಲವೂ ತೋಳದ ಖಾತೆಗೆ ಬೀಳುತ್ತವೆ.

ಆಮೇಲೆ ತೊಡೆಯೆಲುಬು ಒಡೆದು ಮಜ್ಜೆ ನೋಡಬೇಕು. ಬೆಳ್ಳಗೆ, ಮೇಣದಂತೆ ಗಟ್ಟಿಯಾಗಿದ್ದರೆ ಪ್ರಾಣಿ ಪುಷ್ಟವಾಗಿತ್ತು. ಕೆಂಪಗೆ, ಲೋಳೆಯಂತಿದ್ದರೆ ಮೈಯ ಕೊನೆಯ ಕೊಬ್ಬೂ ಕರಗಿತ್ತು, ಅದು ಹೇಗೂ ಸಾಯುವುದರಲ್ಲಿತ್ತು. ಹಲ್ಲನ್ನು ಕುಯ್ದು ಬೇರಿನ ಪದರಗಳನ್ನು ಎಣಿಸಿದರೆ ವಯಸ್ಸು ತಿಳಿಯುತ್ತದೆ, ಆದ್ದರಿಂದ ದವಡೆಯನ್ನು ಚೀಲಕ್ಕೆ ಹಾಕದೆ ಬರಬಾರದು.

ಕಾಲರಿನ ಸೋಲುಗಳು ಹಲವು. ಜೊತೆಗಾರ ತೋಳಗಳು ಪಟ್ಟಿಯನ್ನೂ ಆಂಟೆನಾವನ್ನೂ ಅಗಿಯುತ್ತವೆ. ದಟ್ಟ ಮರಗಳ ಕೆಳಗೆ ಕೆಲವು ಬಿಂದು ಬರುವುದೇ ಇಲ್ಲ, ಅವು ಬರದ ಹೊತ್ತೇ ಊಟದ ಹೊತ್ತಾಗಿರಬಹುದು. ಅಲೆಮಾರಿ ಎಳೆಯ ತೋಳಕ್ಕೆ ಹಾಕಿದ ಕಾಲರ್ ಕೆಲ ತಿಂಗಳಲ್ಲಿ ನಿಮ್ಮ ಪ್ರದೇಶವನ್ನೇ ಬಿಟ್ಟು ಹೋಗುತ್ತದೆ. ಹಿಂಡಿನ ಗಂಡುಹೆಣ್ಣು ಜೋಡಿಗೇ ಹಾಕಿ, ಸಾಧ್ಯವಾದರೆ ಇಬ್ಬರಿಗೂ. ಬೇಸಿಗೆಯಲ್ಲಿ ಹಿಂಡು ಚದುರಿ ಬೇಟೆಯಾಡುತ್ತದೆ, ಒಂದೇ ಕಾಲರು ಒಂದು ತೋಳದ ದಿನಚರಿಯನ್ನಷ್ಟೇ ಹೇಳುತ್ತದೆ.

ಬೇಸಿಗೆಯ ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಹುಟ್ಟಿದ ಮೂಸ್ ಕರು ಹದಿನೈದು ಕಿಲೋ ಆಸುಪಾಸು. ಹಿಂಡಿಗೆ ಅದು ಒಂದು ತುತ್ತು, ಗಂಟೆಯೊಳಗೆ ಏನೂ ಉಳಿಯುವುದಿಲ್ಲ. ಎರಡು ಗಂಟೆಗೊಮ್ಮೆ ಗುರುತಿಸುವ ಕಾಲರಿನಲ್ಲಿ ಅದರ ಸುಳಿವೇ ಬೀಳದು. ಸ್ಕ್ಯಾಂಡಿನೇವಿಯಾದಲ್ಲಿ ತೋಳಗಳ ಬೇಸಿಗೆ ಬೇಟೆಯಲ್ಲಿ ಬಹುಪಾಲು ಕರುಗಳೇ. ಅಂಥ ಕಡೆ ಗಂಟೆಗಿಂತ ಕಡಿಮೆ ಅಂತರವಿಡದೆ ಗತಿಯಿಲ್ಲ. ಅಲಾಸ್ಕದಂಥ ಕಡೆ ಹುಟ್ಟಿದ ಮೊದಲ ವಾರಗಳಲ್ಲಿ ಕರುಗಳನ್ನು ಹೆಚ್ಚಾಗಿ ಎತ್ತುವುದು ಕರಡಿ. ತೋಳದ ಕಾಲರ್ ಕರಡಿಯ ಬಗ್ಗೆ ಬಾಯಿ ಬಿಡುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಬೇಟೆಯ ವೇಗ ಬೇರೆ, ಬೇಟೆಯ ಪ್ರಮಾಣ ಬೇರೆ. 7 ತೋಳಗಳ ಹಿಂಡು 60 ದಿನದಲ್ಲಿ 9 ಮೂಸ್ ಕೊಂದಿತು ಎಂದುಕೊಳ್ಳಿ. ತೋಳವೊಂದಕ್ಕೆ ತಿಂಗಳಿಗೆ 0.64 ಮೂಸ್. ಇದು ವೇಗ, ಕಾಲರ್ ಕೊಡುವುದು ಇಷ್ಟನ್ನೇ. ಪ್ರದೇಶದಲ್ಲಿ 20 ತೋಳಗಳಿದ್ದು, ಇದೇ ವೇಗ ವರ್ಷಪೂರ್ತಿ ನಡೆದರೆ 154 ಮೂಸ್. ಮೂಸ್ 1,000 ಇದ್ದರೆ ಪ್ರಮಾಣ, ಅಂದರೆ ಒಟ್ಟು ಮೂಸ್‌ಗಳಲ್ಲಿ ತೋಳ ಕೊಂದ ಪಾಲು, ಶೇ. 15. ಆ 1,000 ಎಂಬುದು ವಿಮಾನದಿಂದ ಎಣಿಸಿದ ಅಂದಾಜು. ಅದರಲ್ಲಿ ಇನ್ನೂರು ಅತ್ತಿತ್ತ ಆದರೆ ಪ್ರಮಾಣ ಶೇ. 13ರಿಂದ 19ರವರೆಗೆ ಜಾರುತ್ತದೆ. ಕಾಲರಿಗೆ ಸುರಿದಷ್ಟು ಹಣವನ್ನು ಗಣತಿಗೆ ಇಡದವರ ಅಂಕಿಯಲ್ಲಿ ದಶಮಾಂಶ ಬಿಂದು ಬರೀ ಅಲಂಕಾರ. ಚಳಿಗಾಲದ ವೇಗವನ್ನು 12ರಿಂದ ಗುಣಿಸುವುದೂ ತಪ್ಪೇ. ಮೇಲೆ ಗುಣಿಸಿದ್ದು ಲೆಕ್ಕದ ದಾರಿ ತೋರಿಸಲಷ್ಟೆ.

ಶೇ. 15 ಕೊಂದವು ಎಂದ ಮಾತ್ರಕ್ಕೆ ಶೇ. 15 ಕಡಿಮೆಯಾದವು ಎಂದಲ್ಲ. ಮಜ್ಜೆ ಕೆಂಪಾದ ಮುದಿ ಮೂಸ್ ತೋಳಕ್ಕೆ ಸಿಗದಿದ್ದರೂ ಆ ಚಳಿಗಾಲ ದಾಟುತ್ತಿರಲಿಲ್ಲ. ಅಮೆರಿಕದ ಮಿಷಿಗನ್‌ನ ಐಲ್ ರಾಯಲ್ ದ್ವೀಪವನ್ನೇ ನೋಡಿ. 1958ರಿಂದ ಅಲ್ಲಿ ಚಳಿಗಾಲದಲ್ಲಿ ಪುಟ್ಟ ವಿಮಾನದಿಂದ ಹಿಮದ ಮೇಲಿನ ಹೆಜ್ಜೆ ಹಿಡಿದು ಬೇಟೆ ಎಣಿಸುತ್ತಾ ಬಂದಿದ್ದಾರೆ, ನೆಲದ ಮೇಲೆ ಮೂಳೆ ಆಯುತ್ತಾ ಬಂದಿದ್ದಾರೆ. 1980ರಲ್ಲಿ 50 ಇದ್ದ ತೋಳಗಳು ಎರಡೇ ವರ್ಷದಲ್ಲಿ 14ಕ್ಕೆ ಕುಸಿದವು, ನಾಯಿಗಳ ಪಾರ್ವೊ ವೈರಸ್ ಬಂದು. ತೋಳದ ಕಾಟ ತಗ್ಗಿದ್ದರಿಂದ ಏರಿದ್ದ ಮೂಸ್ ಸಂಖ್ಯೆಯನ್ನು 1996ರಲ್ಲಿ ಉರುಳಿಸಿದ್ದು ತೋಳವಲ್ಲ, ಮೇವಿನ ಅಭಾವ, ರಕ್ತ ಹೀರುವ ಉಣ್ಣಿ ಮತ್ತು ಕಡುಚಳಿ. ಬೇಟೆಯ ವೇಗವನ್ನು ಮಾತ್ರ ಅಳೆದಿದ್ದವರಿಗೆ ಈ ಕಥೆ ಕಾಣುತ್ತಲೇ ಇರಲಿಲ್ಲ. 2018–19ರಲ್ಲಿ ಅಲ್ಲಿಗೆ ಹೊಸ ತೋಳಗಳನ್ನು ತಂದು ಬಿಟ್ಟಾಗ ಜಿಪಿಎಸ್ ಕಾಲರೂ ಬಂತು, ಹಿಮವಿಲ್ಲದ ತಿಂಗಳ ಬೇಟೆಯನ್ನು ಹುಡುಕಿ ನೋಡಲು ದಾರಿಯಾಯಿತು. ಕಾಲರಿನ ದೊಡ್ಡ ಲಾಭ ಇದೇ: ವಿಮಾನಕ್ಕೆ ಹಿಮ ಬೇಕು, ತಿಳಿ ಆಕಾಶ ಬೇಕು, ಕಾಲರಿಗೆ ಎರಡೂ ಬೇಡ.

ಉಳಿದರ್ಧ ಉತ್ತರ ಬೇಕಿದ್ದರೆ ಮೂಸ್ ಕೊರಳಿಗೂ ಕಾಲರ್ ಹಾಕಬೇಕು, ಆಗ ಯಾವುದು ಯಾವುದರಿಂದ ಸತ್ತಿತು ಎಂದು ತಿಳಿಯುತ್ತದೆ. ಅಲುಗಾಟ ನಿಂತ ಸಂದೇಶ ಬಂದ 24 ಗಂಟೆಯೊಳಗೆ ಅಲ್ಲಿರಬೇಕು, ತಡವಾದರೆ ಕೊಂದದ್ದು ತೋಳವೋ ಕರಡಿಯೋ ಹೇಳಲಾಗದು. ಹಸುಗೂಸು ಕರುಗಳಿಗೆ ಹಾಕುವಾಗ ಎಚ್ಚರ: ತಾಯಿ ಕರುವನ್ನು ತೊರೆದು ಹೋಗುವುದುಂಟು. ಮಿನ್ನೆಸೋಟದಲ್ಲಿ 2015ರಲ್ಲಿ ರಾಜ್ಯಪಾಲರು ಆದೇಶ ಹೊರಡಿಸಿ ಮೂಸ್‌ಗೆ ಕಾಲರ್ ಹಾಕುವುದನ್ನೇ ನಿಲ್ಲಿಸಿದ್ದರು.

ಅಂಕ: ಚಳಿಗಾಲಕ್ಕೆ ಐದಕ್ಕೆ ನಾಲ್ಕೂವರೆ, ಬೇಸಿಗೆಗೆ ಎರಡು. ಹಿಂಡಿಗೆ ಎರಡು ಕಾಲರ್, ಕ್ಲಸ್ಟರ್ ನಡೆಯಲು ಆಳು, ಗಣತಿಗೆ ವಿಮಾನ ಇವು ಮೂರಕ್ಕೂ ಹಣವಿದ್ದವರು ಕೊಳ್ಳಲಿ. ಕಳಚುವ ಕೊಂಡಿಯ ದಿನಾಂಕವನ್ನು ಬ್ಯಾಟರಿ ಮುಗಿಯುವುದಕ್ಕೆ ಎರಡು ತಿಂಗಳು ಮುಂಚೆಯೇ ಇಡಿ. ಬೀಪು ಸತ್ತ ಮೇಲೆ ಬಿದ್ದ ಕಾಲರನ್ನು ಕಾಡಿನಲ್ಲಿ ಹುಡುಕಿ ತಂದವರು ಅಪರೂಪ.